ಬಿಟ್ಟಿದ್ದೆಷ್ಟು, ಉಳಿದಿದ್ದೆಷ್ಟು

ಮಳೆಗಾಲ ಮುಗಿಯುತ್ತಾ ಬಂದಂತೆ ನಮ್ಮ ಕಡೆಯ ಪತ್ರಿಕೆಗಳಲ್ಲಿ ಒಂದು ಸುದ್ದಿ ತಪ್ಪದೆ ಬರುತ್ತದೆ. ಜಲಾಶಯವೋ ಯಾವುದೋ ಊರಿನ ಕೆರೆಯೋ ತುಂಬಿರುತ್ತದೆ. ಜನಪ್ರತಿನಿಧಿಯೊಬ್ಬರು ಬಾಗಿನ ಬಿಟ್ಟ ಮೇಲೆ, ಆಮ್ಲಜನಕ ತುಂಬಿದ ಪ್ಲಾಸ್ಟಿಕ್ ಚೀಲದ ಬಾಯಿ ಬಿಚ್ಚಿ ಮೀನುಮರಿಗಳನ್ನು ನೀರಿಗೆ ಸುರಿಯುತ್ತಾರೆ. ಫೋಟೊದಲ್ಲಿ ಹತ್ತು ಹದಿನೈದು ಜನ. ಎಲ್ಲರ ಕೈಯೂ ಆ ಒಂದೇ ಚೀಲದ ಮೇಲೆ. ತಲೆಬರಹ ‘ಮೀನುಮರಿ ಬಿತ್ತನೆಗೆ ಚಾಲನೆ’ ಎಂದೋ, ‘ಲಕ್ಷ ಮೀನುಮರಿ ಬಿತ್ತನೆ’ ಎಂದೋ ಇರುತ್ತದೆ.

ಅಭಿವೃದ್ಧಿ ಯೋಜನೆಗಳ ಬಗ್ಗೆ ಕನ್ನಡದಲ್ಲಿ ಬಂದ ಬರವಣಿಗೆ ನನ್ನ ಸಂಶೋಧನೆಯ ವಸು. ಕರಪತ್ರ, ಇಲಾಖೆಯ ಕೈಪಿಡಿ, ಪತ್ರಿಕಾ ವರದಿ, ಶಂಕುಸ್ಥಾಪನೆಯ ಕಲ್ಲು, ಹೀಗೆ ಸಾಹಿತ್ಯ ವಿಭಾಗದವರು ಸಾಮಾನ್ಯವಾಗಿ ಓದದೇ ಇರುವುದನ್ನು ಓದುತ್ತೇನೆ. ಹಾಗಾಗಿ ಈ ಸುದ್ದಿಯನ್ನೂ ಕತ್ತರಿಸಿ ಇಟ್ಟುಕೊಳ್ಳುತ್ತಾ ಬಂದಿದ್ದೆ. ಕಳೆದ ಸಲ ಲಕ್ಕವಳ್ಳಿಗೆ ಹೋದಾಗ ಆ ಕಡತ ನನ್ನ ಚೀಲದಲ್ಲಿತ್ತು. ಭದ್ರೆಯ ಹಿನ್ನೀರಿನಲ್ಲಿ ಇಪ್ಪತ್ತೈದು ವರ್ಷದಿಂದ ಬಲೆ ಬಿಡುತ್ತಿರುವ ನಮ್ಮ ಮಾವ ಒಂದೊಂದೇ ಚೀಟಿ ತಿರುವಿ ನೋಡಿದರು. ಕೊನೆಗೆ ಹೇಳಿದ್ದು ಇಷ್ಟು:

“ಬಿಟ್ಟಿದ್ದೆಷ್ಟು ಅಂತ ಎಲ್ಲದ್ರಲ್ಲೂ ಐತೆ. ಉಳಿದಿದ್ದೆಷ್ಟು ಅಂತ ಯಾವುದ್ರಲ್ಲೂ ಇಲ್ವಲ್ಲೋ.”

ಮೂರು ವರ್ಷ ಇಟ್ಟುಕೊಂಡಿದ್ದ ಕಡತದಲ್ಲಿ ನನಗೆ ಕಾಣದೇ ಇದ್ದದ್ದು ಅವರಿಗೆ ಹತ್ತು ನಿಮಿಷದಲ್ಲಿ ಕಂಡಿತು. ಈ ಬರಹ ಅವರ ಆ ಮಾತಿನ ಬೆನ್ನು ಹಿಡಿದು ಬರೆದದ್ದು.

ಮೊದಲು ಆ ಪದವನ್ನೇ ನೋಡೋಣ. ನೀರಿಗೆ ಮರಿ ಬಿಡುವುದನ್ನು ಕನ್ನಡದಲ್ಲಿ ‘ಬಿತ್ತನೆ’ ಎನ್ನುತ್ತೇವೆ. ಅದರ ಸುತ್ತ ಒಂದು ಹೊಲದ ಪದಗಳೆಲ್ಲ ಬಂದು ಕೂತಿವೆ. ಮರಿಗೆ ‘ಬಿತ್ತನೆ ಮರಿ’, ಬೆರಳುದ್ದ ಬೆಳೆದರೆ ‘ಬಲಿತ ಬಿತ್ತನೆ ಮರಿ’, ಸಾಕುವುದಕ್ಕೆ ‘ಮೀನು ಕೃಷಿ’, ಹಿಡಿಯುವುದಕ್ಕೆ ‘ಇಳುವರಿ’. ಬಿತ್ತದೇ ಇದ್ದರೂ ನೀರಿನಲ್ಲಿ ತಾನಾಗಿ ಇರುವ ಸಣ್ಣ ಮೀನುಗಳಿಗೆ ‘ಕಳೆ ಮೀನು’. ಈ ಕೊನೆಯ ಪದವನ್ನು ಕೈಪಿಡಿಯೊಂದರಲ್ಲಿ ಮೊದಲ ಸಲ ಓದಿದಾಗ ಕಿರಿಕಿರಿಯಾಗಿತ್ತು. ಆಮೇಲೆ ಅದು ಆ ರೂಪಕದೊಳಗೆ ಸಹಜವೇ ಅನ್ನಿಸಿತು. ನೀರನ್ನು ಹೊಲವೆಂದು ಕರೆದ ಮೇಲೆ, ನಾವು ಬಿತ್ತದೆ ಬೆಳೆದದ್ದಕ್ಕೆ ಇನ್ನೇನು ಹೆಸರಿಡಲು ಸಾಧ್ಯ?

ಹಂಡೆಯಷ್ಟು ಚಿಕ್ಕ ಕೊಳ ತೋಡಿ, ನೀರು ಬತ್ತಿಸಿ, ಗೊಬ್ಬರ ಹಾಕಿ ಮೀನು ಸಾಕುವವನಿಗೆ ಈ ಮಾತು ಹೊಂದುತ್ತದೆ. ಅವನು ನಿಜಕ್ಕೂ ರೈತ. ಬಿತ್ತುವವನೂ ಅವನೇ, ಕೊಯ್ಯುವವನೂ ಅವನೇ, ನಷ್ಟವಾದರೆ ಲೆಕ್ಕ ಹಾಕುವವನೂ ಅವನೇ. ಆದರೆ ಭದ್ರಾ ಜಲಾಶಯ ತುಂಬಿದಾಗ ಸುಮಾರು 112 ಚದರ ಕಿಲೋಮೀಟರ್ ಹರಡಿಕೊಳ್ಳುತ್ತದೆ. 186 ಅಡಿ ಮಟ್ಟಕ್ಕೆ ಏರಿ, ಬೇಸಿಗೆಯಲ್ಲಿ ಇಳಿದು, ದ್ವೀಪಗಳನ್ನು ಮುಳುಗಿಸಿ ಮತ್ತೆ ತೋರಿಸುವ ನೀರು ಅದು. ಇಲ್ಲಿ ಬಿತ್ತುವುದು ಇಲಾಖೆ, ಕೊಯ್ಯುವುದು ಲೈಸೆನ್ಸಿನ ಮೀನುಗಾರ, ನಡುವೆ ಏನಾಯಿತೆಂದು ನೋಡುವುದು ಯಾರ ಕೆಲಸವೂ ಅಲ್ಲ. ಹೊಲದ ಪದ ಮಾತ್ರ ಎರಡೂ ಕಡೆ ಒಂದೇ.

ಈ ಬಿತ್ತನೆಯ ಹಿಂದೆ ಒಂದು ದೊಡ್ಡ ಸಾಧನೆಯೂ ಇದೆ ಎಂದು ಮೊದಲೇ ಹೇಳಬೇಕು. ಕಾಟ್ಲಾ, ರೋಹು, ಮೃಗಾಲ್ ಈ ಮೂರೂ ಗಂಗೆಯ ಕಡೆಯ ಮೀನುಗಳು. ನಿಂತ ನೀರಿನಲ್ಲಿ ಅವು ಬೆಳೆಯುತ್ತವೆ, ಆದರೆ ಮೊಟ್ಟೆ ಇಡುವುದಿಲ್ಲ. ಹಾಗಾಗಿ ಒಂದು ಕಾಲದಲ್ಲಿ ಮರಿ ಬೇಕೆಂದರೆ ಪ್ರವಾಹದ ನದಿಯಿಂದ ಬಸಿದು, ಮಡಕೆಗಳಲ್ಲಿ ತುಂಬಿ, ರೈಲಿನಲ್ಲಿ ದೇಶದ ಉದ್ದಕ್ಕೂ ಸಾಗಿಸಬೇಕಿತ್ತು. 1957ರ ಜುಲೈ 10ರಂದು ಒಡಿಶಾದಲ್ಲಿ ಹೀರಾಲಾಲ್ ಚೌಧುರಿ ಮತ್ತು ಕೆ.ಎಚ್. ಅಲಿಕುಂಞಿ ಮೀನಿನ ಮೆದುಳಿನ ಬುಡದ ಪಿಟ್ಯುಟರಿ ಗ್ರಂಥಿಯ ರಸವನ್ನು ತಾಯಿಮೀನಿಗೆ ಚುಚ್ಚಿ, ಕೊಳದಲ್ಲೇ ಮೊಟ್ಟೆ ಇಡಿಸಿದರು. ಆ ದಿನವನ್ನೇ ಈಗ ರಾಷ್ಟ್ರೀಯ ಮೀನು ಕೃಷಿಕರ ದಿನವೆಂದು ಆಚರಿಸುವುದು. ನಮ್ಮ ಅಣೆಕಟ್ಟಿನ ಬುಡದ ಬಿ.ಆರ್. ಪ್ರಾಜೆಕ್ಟಿನಲ್ಲಿ ಮೀನುಗಾರಿಕೆ ಇಲಾಖೆಯ ಮರಿ ಕೇಂದ್ರ ನಡೆಯುತ್ತಿರುವುದು ಆ ವಿದ್ಯೆಯ ಮೇಲೆ.

ಇನ್ನೊಂದು ಋಣವನ್ನೂ ಒಪ್ಪಿಕೊಳ್ಳಬೇಕು. ನನ್ನ ಪಿಯುಸಿಯ ಫೀಸು ಕಟ್ಟಿದ್ದು ಮಾವ; ಮಾವನಿಗೆ ಆ ದುಡ್ಡು ಕೊಟ್ಟಿದ್ದು ಕಾಟ್ಲಾ. ಐದು ಕೆಜಿಯ ಒಂದು ಕಾಟ್ಲಾ ಬಲೆಗೆ ಬಿದ್ದ ದಿನ ಅವರ ಮನೆಯಲ್ಲಿ ಮಾತಿನ ದನಿಯೇ ಬೇರೆ ಇರುತ್ತಿತ್ತು. ನಗರದ ಹಾಸ್ಟೆಲ್ಲಿನಲ್ಲಿ ಕೂತು ‘ಪರದೇಶಿ ಮೀನು ಬೇಡ’ ಎಂದು ಬರೆಯುವುದು ನನಗೆ ಸುಲಭ. ಆ ಮಾತಿನ ಬೆಲೆ ಕಟ್ಟುವವರು ಬೇರೆ.

ಹಾಗಿದ್ದರೆ ಬಿತ್ತನೆಯ ಬೆಲೆ ಏನು? ನನಗೆ ತಿಳಿದ ಮಟ್ಟಿಗೆ ಅದು ಮೂರು ಬಗೆಯದು.

ಮೊದಲನೆಯದು ಮರಿ ಕೇಂದ್ರದ ಒಳಗೇ ಇದೆ. ಕೇಂದ್ರಗಳು ಕೆಲವೇ ತಾಯಿಮೀನುಗಳಿಂದ ಲಕ್ಷಾಂತರ ಮರಿ ತೆಗೆಯುತ್ತವೆ. ಆ ಮರಿಗಳಲ್ಲೇ ಕೆಲವನ್ನು ಉಳಿಸಿಕೊಂಡು ಮುಂದಿನ ತಾಯಿಮೀನು ಮಾಡಿಕೊಳ್ಳುತ್ತವೆ. ಅಣ್ಣ ತಂಗಿಯರೇ ಮತ್ತೆ ಮತ್ತೆ ಕೂಡುತ್ತಾರೆ. 1990ರಲ್ಲಿ ಎಕನಾಥ್ ಮತ್ತು ಡಾಯ್ಲ್ ಎಂಬ ವಿಜ್ಞಾನಿಗಳು ಕರ್ನಾಟಕದ್ದೇ 18 ಮರಿ ಕೇಂದ್ರಗಳನ್ನು ಪರಿಶೀಲಿಸಿ, ಒಳಸಂಕರದ ಪ್ರಮಾಣ ಶೇ. 2ರಿಂದ 17ರವರೆಗೆ ಇದೆ ಎಂದು ಅಂದಾಜಿಸಿದರು. ಮಲೆನಾಡಿನ ದನ ಸಾಕುವ ಯಾವ ಅಜ್ಜಿಯೂ ತನ್ನ ಕೊಟ್ಟಿಗೆಯಲ್ಲಿ ಇದನ್ನು ಒಪ್ಪುವುದಿಲ್ಲ. ಚೀಲದೊಳಗಿನ ಲಕ್ಷ ಮರಿ ಎಂದರೆ ಲಕ್ಷ ಬಗೆಯ ಜೀವ ಅಲ್ಲ. ಕೆಲವೇ ಜೋಡಿಗಳ ಲಕ್ಷ ಪ್ರತಿ. ಸುದ್ದಿಯ ಅಂಕಿ ಇದನ್ನು ಹೇಳುವುದಿಲ್ಲ.

ಎರಡನೆಯದು ಉಳಿಯುವಿಕೆ. ದೊಡ್ಡ ಜಲಾಶಯಕ್ಕೆ ಬಿಡುವ ಮರಿ ಹತ್ತು ಸೆಂಟಿಮೀಟರ್ ಆದರೂ ಇರಬೇಕು ಎಂಬುದು ಒಳನಾಡು ಮೀನುಗಾರಿಕೆ ತಜ್ಞರು ಹೇಳುತ್ತಾ ಬಂದ ಮಾತು. ಅದಕ್ಕಿಂತ ಸಣ್ಣದಾದರೆ ಬಾಳೆ ಮೀನಿಗೂ ಅವಲಿಗೂ ಬಾಯಿತುತ್ತು. ಆದರೆ ಮರಿಯನ್ನು ಅಷ್ಟು ಬೆಳೆಸಲು ತಿಂಗಳುಗಟ್ಟಲೆ ಕೊಳ ಬೇಕು, ಮೇವು ಬೇಕು. ಸಣ್ಣ ಮರಿ ಅಗ್ಗ, ಒಂದು ಚೀಲದಲ್ಲಿ ಹೆಚ್ಚು ಹಿಡಿಯುತ್ತದೆ. ಸುದ್ದಿಯಲ್ಲಿ ಬರುವುದು ಎಣಿಕೆಯೇ ಹೊರತು ಉದ್ದವಲ್ಲ ಎಂದ ಮೇಲೆ, ಎಣಿಕೆ ಹೆಚ್ಚಿಸುವ ಆಸೆ ಎಲ್ಲಿಂದ ಬರುತ್ತದೆ ಎಂದು ಬಿಡಿಸಿ ಹೇಳಬೇಕಾಗಿಲ್ಲ. ಬರವಣಿಗೆಯ ಒಂದು ರೂಢಿ ನೀರಿಗೆ ಬೀಳುವ ಮೀನಿನ ಗಾತ್ರವನ್ನೂ ತೀರ್ಮಾನಿಸಬಲ್ಲದು ಎಂಬುದು ನನ್ನಂಥ ಭಾಷೆಯ ವಿದ್ಯಾರ್ಥಿಗೆ ಹೊಸ ಪಾಠ.

ಮೂರನೆಯದು ಇಲ್ಲೇ ಇದ್ದವರ ಪಾಡು. ತುಂಗಭದ್ರೆಯ ನೀರಿನಲ್ಲಿ ಹರಗಿ ಎಂಬ ಮೀನಿತ್ತು. ನೀರೊಳಗಿನ ಗಿಡಗಳನ್ನು ತಿಂದು ದೊಡ್ಡದಾಗಿ ಬೆಳೆಯುವ ಗೆಂಡೆ ಜಾತಿಯದು. ಇಂದು ಅದು ಐಯುಸಿಎನ್ ಪಟ್ಟಿಯಲ್ಲಿ ಅತ್ಯಂತ ಅಪಾಯಕ್ಕೆ ಸಿಲುಕಿದ ಮೀನು. ತಮಾಷೆಯೆಂದರೆ, ನೀರಿನ ಕಳೆ ತಿನ್ನಲೆಂದು 1959ರಲ್ಲಿ ದೇಶಕ್ಕೆ ಚೀನಾ ಮೂಲದ ಹುಲ್ಲುಗೆಂಡೆಯನ್ನು ತಂದೆವು. ನಮ್ಮ ನದಿಯಲ್ಲೇ ಆ ಕೆಲಸ ಮಾಡುವ ಮೀನು ಇತ್ತು. ಕೈಪಿಡಿಯ ಆರು ಮೀನುಗಳ ಪಟ್ಟಿಯಲ್ಲಿ ಮಾತ್ರ ಅದು ಇರಲಿಲ್ಲ. ಕಾಟ್ಲಾ, ರೋಹು, ಮೃಗಾಲ್, ಬೆಳ್ಳಿಗೆಂಡೆ, ಹುಲ್ಲುಗೆಂಡೆ, ಸಾಮಾನ್ಯ ಗೆಂಡೆ ಎಂಬ ಆ ಪಟ್ಟಿಯಲ್ಲಿ ತುಂಗಭದ್ರೆಯದು ಎನ್ನಬಹುದಾದ ಒಂದು ಮೀನೂ ಇಲ್ಲ.

ಹರಗಿ ಕಾಣೆಯಾದದ್ದಕ್ಕೆ ಬಿತ್ತನೆಯೇ ಕಾರಣ ಎಂದು ಹೇಳಿದರೆ ಅದು ಸುಳ್ಳಾಗುತ್ತದೆ. ಅಣೆಕಟ್ಟು ಹರಿವ ನೀರನ್ನು ನಿಲ್ಲಿಸಿತು. ಮಳೆ ಬಿದ್ದಾಗ ಮೇಲಕ್ಕೆ ಹತ್ತುವ ಮೀನುಗಳ ದಾರಿ ಮುಚ್ಚಿತು. ಕೆಳಗೆ ಭದ್ರಾವತಿಯಲ್ಲಿ ಕಾರ್ಖಾನೆಗಳ ನೀರು ಹೊಳೆ ಸೇರುತ್ತಿತ್ತು, ಎ. ಡೇವಿಡ್ ಎಂಬ ಮೀನು ವಿಜ್ಞಾನಿ ಅದರಿಂದ ಭದ್ರೆಯ ಮೀನುಗಾರಿಕೆಗೆ ಆಗುತ್ತಿರುವ ಕೇಡಿನ ಬಗ್ಗೆ 1956ರಲ್ಲೇ ಬರೆದರು. ನನ್ನ ತಕರಾರು ಬೇರೆ. ಪ್ರತಿ ವರ್ಷ ಚೀಲ ಬಿಚ್ಚುವ ಫೋಟೊ ಬರುತ್ತಿದ್ದರೆ, ಹೊಳೆಗೆ ಏನಾಯಿತು ಎಂಬ ಪ್ರಶ್ನೆ ಏಳುವುದೇ ಇಲ್ಲ. ಮೀನು ಕಡಿಮೆಯಾಯಿತೇ, ಇನ್ನೊಂದು ಲಕ್ಷ ಬಿತ್ತು. ಬಿತ್ತನೆ ಎಂಬುದು ಮದ್ದಿನ ಹೆಸರಿನಲ್ಲಿ ರೋಗದ ಮೇಲೆ ಹೊದೆಸಿದ ಕಂಬಳಿಯಾಗುತ್ತದೆ.

ಇದೆಲ್ಲ ಬರೀ ಪರದೇಶಿ ಮೀನಿನ ಸಮಸ್ಯೆ, ನಮ್ಮದೇ ಮೀನನ್ನು ಬಿತ್ತಿದರೆ ಸರಿಹೋಗುತ್ತದೆ ಎಂದು ನಾನೂ ಅಂದುಕೊಂಡಿದ್ದೆ. ಕಾವೇರಿಯ ಕತೆ ಓದಿದ ಮೇಲೆ ಆ ಧೈರ್ಯ ಹೋಯಿತು.

ಕಾವೇರಿಯಲ್ಲಿ ಗೂನುಬೆನ್ನಿನ, ಕಿತ್ತಳೆ ರೆಕ್ಕೆಯ ಒಂದು ಮಹಶೀರ್ ಇತ್ತು. ಮೈಸೂರಿನ ವ್ಯಾನ್ ಇಂಗನ್ ಮನೆತನದ ಡಿವೆಟ್ ವ್ಯಾನ್ ಇಂಗನ್ 1946ರಲ್ಲಿ ಕಬಿನಿಯಲ್ಲಿ ಗಾಳಕ್ಕೆ ಹಿಡಿದ 120 ಪೌಂಡಿನ ಮೀನು ಇದೇ. ಇತ್ತ ಮಹಾರಾಷ್ಟ್ರದ ಲೋಣಾವಳದಲ್ಲಿ, ವಿದ್ಯುತ್ ಕಂಪನಿಯೊಂದರ ಜಲಾಶಯದ ಪಕ್ಕದ ಮರಿ ಕೇಂದ್ರದಲ್ಲಿ, 1970ರ ದಶಕದಿಂದ ಕೃಷ್ಣಾ ಕಣಿವೆಯ ನೀಲಿ ರೆಕ್ಕೆಯ ಮಹಶೀರನ್ನು ಬೆಳೆಸತೊಡಗಿದರು. ಉದ್ದೇಶ ಒಳ್ಳೆಯದೇ: ಮಹಶೀರ್ ಅಳಿಯುತ್ತಿದೆ, ಉಳಿಸಬೇಕು. ಆ ಮರಿಗಳು ದೇಶದ ಹಲವು ನದಿಗಳಿಗೆ ಹೋದವು, ಕಾವೇರಿಗೂ ಬಂದವು. ಮಹಶೀರ್ ತಾನೆ, ಎಲ್ಲ ಒಂದೇ.

ಎಲ್ಲ ಒಂದೇ ಆಗಿರಲಿಲ್ಲ. ಗಾಲಿಬೋರೆ, ಭೀಮೇಶ್ವರಿಯ ಕಡೆಯ ಗಾಳದ ಶಿಬಿರಗಳಲ್ಲಿ ಹಿಡಿದ ಮೀನನ್ನು ತೂಗಿ, ದಾಖಲೆ ಪುಸ್ತಕದಲ್ಲಿ ಬರೆದು, ಮತ್ತೆ ನೀರಿಗೆ ಬಿಡುವ ಪದ್ಧತಿಯಿತ್ತು. ಏಡ್ರಿಯನ್ ಪಿಂಡರ್, ರಾಜೀವ್ ರಾಘವನ್ ಮತ್ತು ಸಂಗಡಿಗರು 1998ರಿಂದ 2012ರವರೆಗಿನ ಆ ಬರಹವನ್ನು ಕೂತು ಓದಿದರು. ನೀಲಿ ರೆಕ್ಕೆಯದು ಏರುತ್ತಾ ಹೋಗಿತ್ತು, ಗೂನುಬೆನ್ನಿನದು ಇಳಿಯುತ್ತಾ ಬಂದು ಕಾಣೆಯಾಗುವ ಹಂತ ಮುಟ್ಟಿತ್ತು. ಆ ದೈತ್ಯನಿಗೆ ಸರಿಯಾದ ವೈಜ್ಞಾನಿಕ ಹೆಸರು ಗೊತ್ತಾದದ್ದೇ 2018ರಲ್ಲಿ. ಅದೇ ವರ್ಷ ಅತ್ಯಂತ ಅಪಾಯಕ್ಕೆ ಸಿಲುಕಿದ ಮೀನುಗಳ ಪಟ್ಟಿಗೂ ಸೇರಿತು. ಮಹಶೀರನ್ನು ಉಳಿಸುವ ಕೆಲಸವೇ ಒಂದು ಮಹಶೀರಿನ ಜಾಗವನ್ನು ಇನ್ನೊಂದಕ್ಕೆ ಬಿಟ್ಟುಕೊಡಿಸಿತ್ತು. ‘ಮಹಶೀರ್’ ಎಂಬ ಒಂದೇ ಪದ ಎರಡು ಜೀವಗಳ ಮೇಲೆ ಕೂತಿತ್ತು. ಒಂದು ಹೋಗಿ ಇನ್ನೊಂದು ಬಂದದ್ದು ಆ ಪದದ ನೆರಳಿನಲ್ಲಿ ಯಾರಿಗೂ ಕಾಣಲಿಲ್ಲ.

ನನಗೆ ಮುಖ್ಯವಾಗಿ ಕಂಡದ್ದು ಇನ್ನೊಂದು. ಈ ಕತೆ ಹೊರಬಂದದ್ದು ನೀರಿನಿಂದ ಮೇಲೆ ಬಂದದ್ದನ್ನು ಯಾರೋ ಬರೆದಿಟ್ಟಿದ್ದರಿಂದ. ಒಳಗೆ ಬಿಟ್ಟದ್ದನ್ನು ಮಾತ್ರ ಬರೆದಿದ್ದರೆ ಕಾವೇರಿಯದು ಇಂದಿಗೂ ಯಶೋಗಾಥೆಯೇ.

ದೂರದ ಅಮೆರಿಕದಲ್ಲೂ ಇದೇ ಪಾಠ. ಕ್ಯಾಲಿಫೋರ್ನಿಯಾದ ಸಿಯೆರಾ ನೆವಾಡಾ ಬೆಟ್ಟಗಳ ನೆತ್ತಿಯ ಸರೋವರಗಳಲ್ಲಿ ಮೊದಲು ಮೀನೇ ಇರಲಿಲ್ಲ. ಗಾಳದ ಮೋಜಿಗೆಂದು ಹೇಸರಗತ್ತೆಯ ಮೇಲೆ, ಆಮೇಲೆ ವಿಮಾನದಿಂದಲೂ ಟ್ರೌಟ್ ಮರಿ ಸುರಿದರು. ಹಳದಿಗಾಲಿನ ಬೆಟ್ಟಗಪ್ಪೆಗಳು ಆ ಸರೋವರಗಳಿಂದ ಅಳಿದವು. ಟ್ರೌಟನ್ನು ಹಿಡಿದು ತೆಗೆದ ಕಡೆ ಮರಳಿ ಬಂದವು. ಒರೆಗಾನಿನ ಹುಡ್ ನದಿಯಲ್ಲಿ ಸಾಲ್ಮನ್ ಬಳಗದ ಸ್ಟೀಲ್‌ಹೆಡ್ ಮೀನುಗಳನ್ನು ನೋಡಿದ ವಿಜ್ಞಾನಿಗಳು, ಮರಿ ಕೇಂದ್ರದಲ್ಲಿ ಕಳೆದ ಒಂದೊಂದು ತಲೆಮಾರಿಗೂ ನದಿಯಲ್ಲಿ ಸಂತಾನ ಪಡೆಯುವ ಶಕ್ತಿ ಸುಮಾರು ಶೇ. 40ರಷ್ಟು ಕುಗ್ಗುತ್ತದೆ ಎಂದು 2007ರಲ್ಲಿ ತೋರಿಸಿದರು. ತೊಟ್ಟಿಯಲ್ಲಿ ಗೆಲ್ಲುವ ಗುಣ ಹೊಳೆಯಲ್ಲಿ ಗೆಲ್ಲುವ ಗುಣವಲ್ಲ.

ಟ್ರೌಟ್ ನಮ್ಮ ನೆರೆಗೂ ಬಂದಿತ್ತು. 1863ರಲ್ಲಿ ಫ್ರಾನ್ಸಿಸ್ ಡೇ ನೀಲಗಿರಿಗೆ ತರಲು ಯತ್ನಿಸಿ ಸೋತರು. 1900ರ ದಶಕದಲ್ಲಿ ಎಚ್.ಸಿ. ವಿಲ್ಸನ್ ಅವಲಾಂಚೆಯಲ್ಲಿ ಮರಿ ಕೇಂದ್ರ ಮಾಡಿ ಗೆದ್ದರು. ಅದೇ ಕಾಲಮಾನದ ಇನ್ನೊಬ್ಬ ಇಂಗ್ಲಿಷ್ ಅಧಿಕಾರಿಯ ದಾರಿ ಬೇರೆಯಿತ್ತು. ದಕ್ಷಿಣ ಕನ್ನಡದ ಕಲೆಕ್ಟರಾಗಿದ್ದ ಹೆನ್ರಿ ಸಲಿವನ್ ಥಾಮಸ್ 1870ರಲ್ಲಿ ಆ ಜಿಲ್ಲೆಯ ಮೀನು ಸಾಕಣೆಯ ಬಗ್ಗೆ ವರದಿ ಬರೆದರು. ಗಾಳದ ಬಗ್ಗೆ ಅವರ ‘ದಿ ರಾಡ್ ಇನ್ ಇಂಡಿಯಾ’ 1873ರಲ್ಲಿ ಮಂಗಳೂರಿನಲ್ಲೇ ಅಚ್ಚಾಯಿತು. ಅವರ ಚಿಂತೆ ನದಿಯಲ್ಲಿ ತಾನಾಗಿ ಹುಟ್ಟುವ ಮರಿಗಳನ್ನು ಸಣ್ಣ ಕಣ್ಣಿನ ಬಲೆ, ಕಟ್ಟೆ, ವಿಷಗಳಿಂದ ಸೂರೆ ಮಾಡುತ್ತಿರುವುದರ ಮೇಲಿತ್ತು. ಅವರು ಗಾಳದ ಮೋಜಿನವರು, ವಸಾಹತಿನ ಅಧಿಕಾರಿ, ಎಲ್ಲ ನಿಜ. ಆದರೂ ‘ಹುಟ್ಟಿದ್ದನ್ನು ಕೊಲ್ಲದಿರು’ ಎಂಬ ಆ ಅಗ್ಗದ ದಾರಿ ಶೃಂಗೇರಿಯ ತುಂಗೆಯ ಮೆಟ್ಟಿಲಲ್ಲಿ ನಾವು ಬಹುಕಾಲದಿಂದ ಮಾಡುತ್ತಿರುವುದೇ. ಅಲ್ಲಿನ ಮೀನು ಹಿಡಿಯುವುದಿಲ್ಲ, ಅಷ್ಟೇ. ಮೀನಿರುವುದಕ್ಕೆ ಅಲ್ಲಿ ಇಷ್ಟು ಸಾಕಾಗಿದೆ.

ಇಷ್ಟಕ್ಕೂ ಹೊಲದ ಭಾಷೆ ನೀರಿನ ಮೇಲೆ ಇಷ್ಟು ಸಲೀಸಾಗಿ ಹೇಗೆ ಕೂತಿತು? ಇಲಾಖೆಯನ್ನಷ್ಟೇ ದೂರಿದರೆ ಆಗದು. ನಮ್ಮ ಸಾಹಿತ್ಯವೂ ಜಾಗ ಖಾಲಿ ಬಿಟ್ಟಿತ್ತು ಎಂಬುದು ನನ್ನ ಅನುಮಾನ. ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣದ ದೊರೆ ಮೂರನೆಯ ಸೋಮೇಶ್ವರ ತನ್ನ ಸಂಸ್ಕೃತ ‘ಮಾನಸೋಲ್ಲಾಸ’ದಲ್ಲಿ ಮತ್ಸ್ಯವಿನೋದಕ್ಕೆಂದೇ ಒಂದು ಅಧ್ಯಾಯ ಇಟ್ಟ. ಹುರುಪೆ ಇರುವವು, ಇಲ್ಲದವು, ದೊಡ್ಡವು, ಚಿಕ್ಕವು ಎಂದು ವಿಂಗಡಿಸಿ ಮೀನುಗಳ ಹೆಸರು ಹೇಳಿದ. ಬೇಟೆಗಾರನ ಕಣ್ಣಾದರೂ ಅದು ಗುರುತು ಹಿಡಿಯುವ ಕಣ್ಣು. ಹೊಸಗನ್ನಡದಲ್ಲಿ ಗಾಳ ಹಿಡಿದು ಗಂಟೆಗಟ್ಟಲೆ ನೀರಿನ ಮುಂದೆ ಕೂತ ದೊಡ್ಡ ಲೇಖಕರೆಂದರೆ ತೇಜಸ್ವಿ. ಅವರನ್ನು ಓದಿ ನನ್ನಂಥವರು ಹಕ್ಕಿಯ ಹೆಸರು, ಚಿಟ್ಟೆಯ ಹೆಸರು ಕಲಿತೆವು. ಆದರೆ ಅವರ ನಂತರದ ನಮ್ಮ ಪರಿಸರ ಬರವಣಿಗೆ ಹುಲಿ, ಆನೆ, ಹಕ್ಕಿಗಳ ಹತ್ತಿರವೇ ನಿಂತುಬಿಟ್ಟಿದೆ. ಮೀನು ಬಂದರೆ ಮೊದಲ ಮಳೆಗೆ ಗದ್ದೆಯ ಕಡೆ ಹತ್ತುವ ಹತ್ತುಮೀನಿನ ನೆನಪಾಗಿ, ಕೂಣಿಯಾಗಿ, ವಾಟೆಹುಳಿ ಹಾಕಿದ ಸಾರಾಗಿ ಬರುತ್ತದೆ. ರುಚಿಯಿದೆ, ಹೆಸರಿಲ್ಲ.

ಲಕ್ಕವಳ್ಳಿಯ ಹಿನ್ನೀರಿಗೆ ಬೇಸಿಗೆಯಲ್ಲಿ ಬನ್ನಿ. ನೀರು ಇಳಿದು ತಲೆ ಎತ್ತಿದ ದ್ವೀಪಗಳಲ್ಲಿ ನದಿ ರೀವಗಳು ಗೂಡು ಮಾಡುತ್ತವೆ. ದೊಡ್ಡ ಲೆನ್ಸಿನವರು ದೂರದೂರುಗಳಿಂದ ಬರುತ್ತಾರೆ. ಮರಿಗೆ ಮೀನು ತಂದುಕೊಡುವ ರೀವದ ಚಿತ್ರ ಎಲ್ಲರಿಗೂ ಬೇಕು. ಚಿತ್ರದ ಅಡಿಯಲ್ಲಿ ಹಕ್ಕಿಯ ಹೆಸರಿರುತ್ತದೆ. ಕೊಕ್ಕಿನಲ್ಲಿರುವ ಮೀನಿಗೆ ಹೆಸರಿರುವ ಚಿತ್ರ ನಾನು ಒಂದೂ ನೋಡಿಲ್ಲ. ಆ ಬೆರಳುದ್ದದ ಬೆಳ್ಳಿ ಮೀನು ಬಹಳ ಸಲ ಕೈಪಿಡಿಯ ‘ಕಳೆ’ಯೇ. ರೀವದ ಮರಿಗೆ ಐದು ಕೆಜಿಯ ಕಾಟ್ಲಾದಿಂದ ಏನೂ ಆಗಬೇಕಾದ್ದಿಲ್ಲ.

ಇದನ್ನೆಲ್ಲ ಮಾವನಿಗೆ ಹೇಳಿದಾಗ ಅವರು ತೆಪ್ಪದ ಅಂಚಿಗೆ ಡಾಂಬರು ಸವರುತ್ತಿದ್ದರು. “ಹಂಗಂತ ಬಿಡದು ನಿಲ್ಸಿ ಅಂತ ಬರ್ದುಬಿಟ್ಟೀಯ ಮತ್ತೆ” ಎಂದರು. ಬರೆಯುವುದಿಲ್ಲ ಎಂದೆ. “ಹಂಗಾದ್ರೆ ಏನ್ ಬರೀತೀಯ?”

ಆಗ ಉತ್ತರ ಹೊಳೆಯಲಿಲ್ಲ. ಈಗ ಹೀಗೆ ಹೇಳಬಹುದು. ಚೀಲ ಬಿಚ್ಚಿದ ಸುದ್ದಿ ಬರೆಯುವ ವರದಿಗಾರ, ಹೋದ ವರ್ಷದ ಚೀಲದ್ದು ಏನಾಯಿತು ಎಂದು ಒಂದು ಸಾಲು ಕೇಳಲಿ. ಮರಿಯ ಎಣಿಕೆಯ ಜೊತೆ ಉದ್ದವೂ ಅಚ್ಚಾಗಲಿ. ಸಹಕಾರ ಸಂಘದ ದಡದಲ್ಲಿ ಕಾವೇರಿಯ ಗಾಳದವರ ಹಾಗೆ ಒಂದು ಪುಸ್ತಕ ಇರಲಿ. ದಿನಕ್ಕೆ ಯಾವ ಮೀನು ಎಷ್ಟು ಬಂತು ಎಂದು ಮೀನುಗಾರರೇ ಬರೆಯಲಿ, ಅವರ ಹೆಸರುಗಳಲ್ಲೇ. ಹೆಸರಘಟ್ಟದ ಸಂಶೋಧನಾ ಕೇಂದ್ರದಲ್ಲಿ ಹರಗಿಯನ್ನು ಮರಿ ಮಾಡಿಸಿದ್ದಾರೆ. ಬಿತ್ತಲೇಬೇಕೆಂದರೆ ಅಂಥದ್ದಕ್ಕೂ ಜಾಗವಿದೆ. ಆದರೆ ಯಾವ ಹೊಳೆಯ ತಾಯಿ, ಯಾವ ಹೊಳೆಗೆ ಮರಿ ಎಂದು ಕೇಳದೆ ಬಿಟ್ಟರೆ ಕಾವೇರಿಯ ತಪ್ಪೇ ಮರುಕಳಿಸುತ್ತದೆ. ಮಾವನಿಗೆ ಇದರಿಂದ ನಷ್ಟವಿಲ್ಲ. ಹತ್ತು ಸೆಂಟಿಮೀಟರಿನ ಗಟ್ಟಿ ಮರಿ ಅವರಿಗೂ ಬೇಕಾದದ್ದೇ.

ಹೊರಡುವ ಹಿಂದಿನ ರಾತ್ರಿ ನಾನೊಂದು ಹೊಸ ನೋಟ್‌ಬುಕ್ ತೆಗೆದು ಅಜ್ಜಿಯ ಪಕ್ಕ ಕೂತೆ. ಅಣೆಕಟ್ಟಿಗೆ ಮೊದಲು ಹೊಳೆಯಲ್ಲಿ ಏನೇನು ಮೀನಿತ್ತು ಅಜ್ಜಿ ಎಂದು ಕೇಳಿದೆ. ಅವರು ಎಲೆಯಡಿಕೆ ಬಾಯಿಗೆ ಹಾಕಿಕೊಂಡು ಹೇಳುತ್ತಾ ಹೋದರು: ಗಿರ್ಲು, ಕುಚ್ಚು, ಮುರುಗೋಡು, ಅವಲು, ಬಾಳೆ, ಕಾಗೆಮೀನು, ಪಕ್ಕೆ, ಸೋಸಲು, ಹಾವುಮೀನು, ಹರಗಿ. ಒಳಗಿನಿಂದ ಅತ್ತೆ ಎರಡು ಸೇರಿಸಿದರು. ಮಾವ ಒಂದನ್ನು ತಿದ್ದಿದರು, ಅದು ಬೇರೆ ಮೀನು ಎಂದು ಅಜ್ಜಿ ಜಗಳಕ್ಕೆ ಬಂದರು. ಹದಿಮೂರು ಹೆಸರಾಯಿತು. ಪಕ್ಕದಲ್ಲಿ ಇನ್ನೊಂದು ಗೆರೆ ಎಳೆದು, ಈ ವರ್ಷ ಬಲೆಗೆ ಬಿದ್ದದ್ದು ಯಾವುವು ಎಂದು ಮಾವನನ್ನು ಕೇಳಿದೆ.

ಅವರು ಪಟ್ಟಿಯನ್ನು ಮೇಲಿಂದ ಕೆಳಗೆ ಓದಿಸಿಕೊಂಡರು. ಐದಕ್ಕೆ ಹೂಂ ಎಂದರು. ಎರಡಕ್ಕೆ, ನೋಡಬೇಕು, ಈ ಸಲ ನೆನಪಿಟ್ಟು ಹೇಳ್ತೀನಿ ಎಂದರು. ಆ ನೋಟ್‌ಬುಕ್ಕನ್ನು ಅಲ್ಲೇ, ತಕ್ಕಡಿ ಇಡುವ ಗೂಡಿನಲ್ಲಿ, ಪೆನ್ನು ಕಟ್ಟಿ ಬಿಟ್ಟು ಬಂದಿದ್ದೇನೆ.